ಉಳಿದರ್ಧ

ಬೆಳಗ್ಗಿನಿಂದ ಹದಿನಾರನೇ ಸಲ ಕೇಳುತ್ತಾಳೆ ಸೆರಫಿನಕ್ಕ:
‘ನೀರು ಕಾಯಿತಾ? ಹೊಸ ಬ್ಲೇಡು ತಂದಿರಾ?’
ಈ ಮನೆಯಲ್ಲಿ ಯಾರಿಗೂ ಹೆರಿಗೆಯಿಲ್ಲ.
ಇರುವುದು ನಾವಿಬ್ಬರು, ಒಂದು ಬೆಕ್ಕು,
ಅದೂ ಗಂಡು.

ಕಾಯಿತು ಅನ್ನುತ್ತೇನೆ. ತಂದೆ ಅನ್ನುತ್ತೇನೆ.
ಹದಿನೇಳನೇ ಸಲಕ್ಕೆ ಗದರುತ್ತೇನೆ.
ಗದರಿದ್ದನ್ನು ಅವಳು ಮರೆಯುತ್ತಾಳೆ,
ನಾನು ಮರೆಯುವುದಿಲ್ಲ.
ಲೆಕ್ಕವಿಡುವ ಕೆಲಸ ಈ ರೋಗದಲ್ಲಿ
ರೋಗವಿಲ್ಲದವನ ಪಾಲಿಗೆ.

ಬೇಳದಿಂದ ಕುಂಬಳೆಯ ಕಡಲಿನವರೆಗೆ
ಅರ್ಧ ಊರಿನ ಹೊಕ್ಕುಳು ಕತ್ತರಿಸಿದವಳು.
ಮೊದಲು ಹೋದದ್ದು ಮಲಯಾಳ,
ನೌಕರಿಗೆಂದು ತಡವಾಗಿ ಕಲಿತದ್ದು.
ಆಮೇಲೆ ಶಾಲೆಯ ಕನ್ನಡ, ಮಗ್ಗಿಯ ಸಮೇತ.
ತುಳು ನಾಲ್ಕು ದಿನ ಬಾಗಿಲಲ್ಲಿ ನಿಂತಿದ್ದು
ಮೀನಿನವಳ ಬುಟ್ಟಿಯ ಹಿಂದೆಯೇ ಇಳಿದುಹೋಯಿತು.
ಉಳಿದದ್ದು ಅಮ್ಮನ ಕೊಂಕಣಿ, ಅದರಲ್ಲೂ ತೂತು.
ನಾನು ಒಮ್ಮೆ ಡಾಕ್ಟರು,
ಒಮ್ಮೆ ಯಾವಳೋ ಬಸುರಿಯ ಗಂಡ.

ಏಳು ಗಂಟೆಗೆ ಮಾತ್ರ
ಆಲ್ತಾರಿನ ಕೆಂಪು ಬಲ್ಬು ಹಾಕಿದೆನೋ,
ಅವಳ ಕೈ ತಾನಾಗಿ ಹುಡುಕುತ್ತದೆ ಜಪಸರ.

ನಾನು ಇಗರ್ಜಿ ಬಿಟ್ಟು ಹತ್ತೊಂಬತ್ತು ವರ್ಷ.
ಹಿಲ್ಡಾಳ ಗೋರಿಯ ಜಾಗಕ್ಕೆ ಪಾದ್ರಿಯೊಡನೆ ಜಗಳ.
ದೇವರೊಡನಲ್ಲ.
ಆದರೆ ದೇವರೂ ಬಂದು ಕರೆಯಲಿಲ್ಲ.

ತೇರ್ಸಿನ ಕ್ರಮ ಹೀಗೆ: ಒಬ್ಬರು ಅರ್ಧ ಹೇಳಬೇಕು,
ಉಳಿದರ್ಧ ಇನ್ನೊಬ್ಬರು.
ಮೊದಲ ದಿನ ನಾನು ಅಡುಗೆಮನೆಯಲ್ಲಿ
ಬಂಗುಡೆ ಕೊಯ್ಯುತ್ತ ಸುಮ್ಮನಿದ್ದೆ.
‘ನಿನ್ನ ಉದರದ ಫಲ’ದವರೆಗೆ ಬಂದು ನಿಂತಳು.
ಕಾದಳು. ಮತ್ತೆ ಮೊದಲಿನಿಂದ. ಮತ್ತೆ ಕಾದಳು.
ಸಿಟ್ಟಿಲ್ಲ, ಅವಸರವಿಲ್ಲ,
ಚೊಚ್ಚಲು ಬಸುರಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟು
ಮುಂದಿನ ನೋವಿಗೆ ಕಾಯುವ ಹಾಗೆ.

ಕರೆಂಟಿನ ಕಂಬ ಹತ್ತಿ ಬದುಕಿದವನು ನಾನು;
ಒಂದೇ ತಂತಿಯಲ್ಲಿ ದೀಪ ಉರಿಯದು, ಗೊತ್ತು.
ಮೀನಿನ ಕೈಯಲ್ಲೇ ಬಂದು ನಿಂತು
ಉಳಿದರ್ಧ ಹೇಳಿದೆ.

ಐವತ್ತಮೂರು ಸಲ ಅದೇ ಮಾತು.
‘ಆಗಲೇ ಹೇಳಿದೆಯಲ್ಲ’ ಎಂದು
ಇಲ್ಲಿ ಯಾರೂ ಯಾರಿಗೂ ಅನ್ನುವಂತಿಲ್ಲ.
ಹಗಲೆಲ್ಲ ರೋಗವಾಗಿದ್ದದ್ದು
ಏಳು ಗಂಟೆಗೆ ಜಪ.

ಮಂಗಳೂರಿನ ಡಾಕ್ಟರು ನಗಲಿಲ್ಲ.
ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ ಬರೆದರು:
ಪ್ರಾರ್ಥನೆ, ಸಂಜೆ, ಊಟಕ್ಕೆ ಮೊದಲು.
ಜಪವಾದ ರಾತ್ರಿ ಅವಳು ಚಿಲಕ ಅಲ್ಲಾಡಿಸುವುದಿಲ್ಲ.
ಎಲ್ಲ ರಾತ್ರಿಯೂ ಅಲ್ಲ.
ಒಂದು ಬುಧವಾರ ಸರವನ್ನು ಗಂಜಿಗೆಸೆದು ಕೇಳಿದಳು:
‘ಯಾರವಳು ಮರಿಯೆ? ಯಾವ ಮನೆಯವಳು?
ಎಷ್ಟು ತಿಂಗಳು?’
ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ
ಒಂದೊಂದೇ ಮಣಿ ತಿಕ್ಕಿ ತೊಳೆದೆ.
ಒಂಬತ್ತು, ಅಂದೆ. ತುಂಬಿದೆ.
‘ಮತ್ತೆ ನೀನ್ಯಾಕೆ ಕೂತಿದ್ದೀಯ?’ ಅಂದಳು.

ಈ ಸೋಮವಾರ ಮಣಿ ಹಿಡಿದು ಕೂತವಳಿಗೆ
ಮೊದಲರ್ಧ ಬರಲಿಲ್ಲ.
ತುಟಿ ಅಲುಗಿತು, ಶಬ್ದವಿಲ್ಲ,
ಫ್ಯೂಸು ಹೋದ ಮನೆಯಲ್ಲಿ
ಸ್ವಿಚ್ಚು ಒತ್ತಿದ ಹಾಗೆ.
ನಾನು ಕಾದೆ. ಈಗ ಕಾಯುವ ಸರದಿ ನನ್ನದು.

ಆಮೇಲೆ ಶುರುಮಾಡಿದೆ,
ದೇವದೂತ ಹೇಳಿದ್ದನ್ನು,
ಬೀಡಿಯ ವಾಸನೆಯ ಈ ಬಾಯಲ್ಲಿ.
ಉದರದ ಫಲದವರೆಗೆ ಹೋಗಿ ನಿಂತೆ.

ಅಲ್ಲಿಂದ ಎತ್ತಿಕೊಂಡಳು ಅಕ್ಕ, ಒಂದಕ್ಷರ ತೊಡರದೆ:
ಪಾಪಿಗಳಾದ ನಮಗಾಗಿ, ಆತಾಂ...
ಈಗ,
ಮತ್ತು ನಮ್ಮ ಮರಣದ ಗಳಿಗೆಯಲ್ಲಿ.

ಹುಟ್ಟಿನ ಕಡೆಯದನ್ನು ನನ್ನ ಕೈಗೆ ಕೊಟ್ಟು
ಸೂಲಗಿತ್ತಿ ಆಚೆ ಬದಿಗೆ ಹೋಗಿ ಕೂತಿದ್ದಾಳೆ.
ಆ ಪ್ರಾರ್ಥನೆ ನಿನ್ನೆಯನ್ನು ಕೇಳುವುದಿಲ್ಲ.
ಇಸವಿ ಕೇಳುವುದಿಲ್ಲ,
ಎದುರು ಕೂತವನ ಹೆಸರು ಕೇಳುವುದಿಲ್ಲ.
ಎರಡೇ ಗಳಿಗೆ ಸಾಕು ಅದಕ್ಕೆ.
ಒಂದು ಇನ್ನೂ ಬಂದಿಲ್ಲ.
ಇನ್ನೊಂದು, ‘ಈಗ’,
ಅವಳ ಹತ್ತಿರ ಬೇಕಾದಷ್ಟಿದೆ.

ಶಿಲುಬೆಗೆ ಮುತ್ತಿಟ್ಟು ಸರ ಮಡಿಚಿ
ನನ್ನ ಮುಖ ನೋಡಿದಳು:
‘ನೀರು ಕಾಯಿತಾ?’

ಎದ್ದು ಒಲೆ ಹಚ್ಚಿ
ನಿಜವಾಗಿಯೂ ಇಟ್ಟೆ, ಒಂದು ಪಾತ್ರೆ.